ಅಮೆರಿಕದವರನ್ನು ನೋಡಿ ನಗುವ ಬೆಂಗಳೂರಿಗೆ ಜಾವಳಿ ಗೊತ್ತೇ?

ಅಮೆರಿಕದವರಿಗೆ ಭೂಪಟ ಓದಲು ಬರುವುದಿಲ್ಲವೆಂದು ನಗುವ ಗುತ್ತಿಗೆ ಮೊದಲು ಯುರೋಪಿನವರದಾಗಿತ್ತು. ಈಗ ಬೆಂಗಳೂರಿನವರೂ ಅದರಲ್ಲಿ ಪಾಲುದಾರರು. ನಗಲು ಕಾರಣವಿಲ್ಲವೆಂದಲ್ಲ. 2006ರ ನ್ಯಾಷನಲ್ ಜಿಯೋಗ್ರಾಫಿಕ್ ಸಮೀಕ್ಷೆಯಲ್ಲಿ 18ರಿಂದ 24 ವರ್ಷದ ಅಮೆರಿಕನ್ನರಲ್ಲಿ ನೂರಕ್ಕೆ 63 ಮಂದಿ ಇರಾಕನ್ನು ನಕ್ಷೆಯಲ್ಲಿ ತೋರಿಸಲಾರದೆ ಹೋದರು. ಅಷ್ಟರಲ್ಲಾಗಲೇ ಅವರ ಸೈನ್ಯ ಆ ದೇಶಕ್ಕೆ ನುಗ್ಗಿ ಮೂರು ವರ್ಷವಾಗಿತ್ತು! ಆದರೆ ಇದನ್ನು ದಡ್ಡತನವೆಂದು ತಳ್ಳಿಹಾಕುವವರಿಗೆ ಮುಖ್ಯ ಸಂಗತಿಯೇ ಕಂಡಿಲ್ಲ. ತಿಳಿಯದಿದ್ದರೂ ಯಾರ ಊಟ ತಪ್ಪುವುದಿಲ್ಲವೋ ಅವರು ತಿಳಿಯುವ ಗೋಜಿಗೆ ಹೋಗುವುದಿಲ್ಲ, ಅಷ್ಟೆ.

ಬಾಬಾಬುಡನ್‌ಗಿರಿಯ ತಪ್ಪಲಿನ ಕಾಫಿ ತೋಟಗಳನ್ನೇ ನೋಡಿ, ತಿಳಿಯದಿದ್ದರೆ ಊಟ ತಪ್ಪುವವರು ಅಲ್ಲಿದ್ದಾರೆ. ಅರೇಬಿಕಾದ ದರ ಏರಿಳಿಯುವುದು ನ್ಯೂಯಾರ್ಕ್ ಪೇಟೆಯಲ್ಲಿ, ರೊಬಸ್ಟಾದ್ದು ಲಂಡನ್ನಿನಲ್ಲಿ. 2021ರ ಜುಲೈನಲ್ಲಿ ಬ್ರೆಜಿಲ್‌ನ ಮಿನಾಸ್ ಜೆರೈಸ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡಗಳು ಕರಕಲಾದಾಗ, ಪಾರ್ಚ್‌ಮೆಂಟ್ ಕಾಫಿಯ ಮೂಟೆಯನ್ನು ಇವತ್ತೇ ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ಆಲ್ದೂರಿನ ಬೆಳೆಗಾರ ಲೆಕ್ಕ ಹಾಕಬೇಕಾಯಿತು. ಆಲ್ದೂರು ಎಲ್ಲಿದೆಯೆಂದು ನ್ಯೂಯಾರ್ಕಿನ ದಲ್ಲಾಳಿಗೆ ಗೊತ್ತಿರಬೇಕಾಗಿಲ್ಲ. ಬುದ್ಧಿವಂತ ಯುರೋಪಿನದೂ ಅದೇ ಕತೆ: ಭಾರತದ ಕಾಫಿಯ ಅತಿ ದೊಡ್ಡ ಗಿರಾಕಿ ಇಟಲಿ, ಆದರೆ ಮಿಲಾನಿನಲ್ಲಿ ಎಸ್ಪ್ರೆಸೊ ಹೀರುವವನಿಗೆ ಕಳಸ, ಮೂಡಿಗೆರೆಗಳ ಹೆಸರು ಕೇಳಿಸಿರುವುದಿಲ್ಲ. ಮಂಗಳೂರು ಕರಾವಳಿಯ ಮಳೆಗಾಳಿಗೆ ಒಡ್ಡಿದ ಬೀಜ ಅಲ್ಲಿ ‘ಮಲಬಾರ್’ ಆಗಿ ಮಾರಾಟವಾಗುತ್ತದೆ. 2019ರಲ್ಲಿ ‘ಬಾಬಾಬುಡನ್‌ಗಿರಿ ಅರೇಬಿಕಾ’ಕ್ಕೂ ‘ಚಿಕ್ಕಮಗಳೂರು ಅರೇಬಿಕಾ’ಕ್ಕೂ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತಲ್ಲ, ಸಂತೋಷ, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿಕೊಂಡಿದ್ದೇವೆ.

ಇನ್ನು ನಗುತ್ತಿರುವ ಬೆಂಗಳೂರು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನು ಬಾಬಾಬುಡನ್‌ಗಿರಿ ಎನ್ನಲಿ, ಶೃಂಗೇರಿಯಿಂದ ಚಾರ್ಮಾಡಿಯವರೆಗಿನ ಸೀಮೆಯನ್ನೆಲ್ಲ ‘ವೀಕೆಂಡ್ ಸ್ಪಾಟ್’ ಎನ್ನಲಿ, ಹೋಗಲಿ ಬಿಡಿ. ಕುಡಿಯುವ ನೀರು ಎಲ್ಲಿಂದ ಬರುತ್ತದೆಂದಾದರೂ ತಿಳಿಯಬೇಡವೇ? ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ. ಗೊರೂರಿನ ಅಣೆಕಟ್ಟು ದಾಟಿ ಕನ್ನಂಬಾಡಿಯಲ್ಲಿ ಕಾವೇರಿಗೆ ಸೇರಿ, ತೊರೆಕಾಡನಹಳ್ಳಿಯ ಪಂಪುಗಳನ್ನೇರಿ ಅದು ರಾಜಧಾನಿಯ ನಲ್ಲಿಗೆ ಬರುತ್ತದೆ. ಮಲೆನಾಡಿನಲ್ಲಿ ಗುಡ್ಡ ಜರಿದರೆ ಟೀವಿಗೆ ಅರ್ಧ ದಿನದ ಸುದ್ದಿ. ಆನೆ ತುಳಿದು ಕೂಲಿಯವನು ಸತ್ತರೆ ಅಷ್ಟೂ ಇಲ್ಲ. ಆ ಮಲೆನಾಡಿನ ಕಾಡೇ ತನ್ನ ಕೊಡ ತುಂಬುತ್ತಿದೆಯೆಂಬುದು ನಗರಕ್ಕೆ ಹೊಳೆಯುವುದೇ ಇಲ್ಲ.

ಮೊಬೈಲಿನಲ್ಲೇ ಮ್ಯಾಪ್ ಇರುವಾಗ ಇದನ್ನೆಲ್ಲ ನೆನಪಿಟ್ಟುಕೊಳ್ಳುವುದೇಕೆ ಎನ್ನುವವರಿದ್ದಾರೆ. ಮ್ಯಾಪ್ ಹೋಂಸ್ಟೇಗೆ ದಾರಿ ತೋರಿಸುತ್ತದೆ. ಯಾರ ಋಣದಲ್ಲಿದ್ದೀರಿ ಎಂದು ಹೇಳುವುದಿಲ್ಲ. ಶಾಲೆಯಲ್ಲಿ ಸರಿಯಾಗಿ ಕಲಿಸಲಿಲ್ಲ ಎಂಬುದು ಇನ್ನೊಂದು ನೆಪ. ಹಾಗಾದರೆ ಆಲ್ದೂರಿನವನಿಗೆ ಮಿನಾಸ್ ಜೆರೈಸ್ ಪಾಠ ಮಾಡಿದ ಮೇಷ್ಟರು ಯಾರು? ಕಲಿಸಿದ್ದು ಜೇಬು. ಬೆಂಗಳೂರಿಗೂ ಅದೇ ಕಲಿಸಬೇಕು. 2024ರ ನವೆಂಬರಿನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ, ಪಶ್ಚಿಮಘಟ್ಟದ ನದಿಗಳ ನೀರು ಕುಡಿಯುವ ನಗರಗಳ ಬಿಲ್ಲಿಗೆ ತಿಂಗಳಿಗೆ ಎರಡು–ಮೂರು ರೂಪಾಯಿ ಹಸಿರು ಸೆಸ್ ಸೇರಿಸುವ ಮಾತೆತ್ತಿದ್ದಕ್ಕೇ ಆಕ್ಷೇಪ ಎದ್ದಿತು. ಆ ಸೆಸ್ ಹಾಕಿಯೇಬಿಡಿ, ಮೂರಲ್ಲ, ಮೂವತ್ತು ರೂಪಾಯಿ. ಬಿಲ್ ಕೈಸೇರಿದ ಸಂಜೆಯೊಳಗೆ ಜಾವಳಿ ಎಲ್ಲಿದೆಯೆಂದು ಇಡೀ ಬೆಂಗಳೂರು ಹುಡುಕಿಕೊಳ್ಳುತ್ತದೆ.