ಸೂರ್ಯನಿಗೂ ಪಹಣಿ

ಬಿಸಿಲಿಗೆ ಜಾತಿ ಇಲ್ಲ ಅಂತಾರೆ. ಸೂರ್ಯ ಯಾರಪ್ಪನ ಸ್ವತ್ತೂ ಅಲ್ಲ ಅಂತಾರೆ. ಹಾಗನ್ನುವವರನ್ನು ಒಂದು ಸಲ ಪಾವಗಡ ತಾಲ್ಲೂಕಿನ ತಿರುಮಣಿಗೆ ಕರೆದುಕೊಂಡು ಹೋಗಬೇಕು. ತಿರುಮಣಿ, ವಳ್ಳೂರು, ಬಾಲಸಮುದ್ರ ಮತ್ತು ಸುತ್ತಿನ ಊರುಗಳ ಸುಮಾರು 13,000 ಎಕರೆ ನೆಲದ ಮೇಲೆ ಗಾಜಿನ ಹಲಗೆ ಹಾಸಿದ್ದಾರೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಯ್ತು. 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿಯಾಯ್ತು. ಹೆಸರು ‘ಶಕ್ತಿ ಸ್ಥಳ’. ಶಕ್ತಿ ಯಾರಿಗೆ, ಸ್ಥಳ ಯಾರದು ಅಂತ ನಾವು ಕೇಳ್ತಿದ್ದೀವಿ.

ನ್ಯಾಯವಾಗೇ ಮಾತಾಡೋಣ. ಕಲ್ಲಿದ್ದಲಿನ ಹೊಗೆಗಿಂತ ಬಿಸಿಲಿನ ಕರೆಂಟು ಒಳ್ಳೇದು. ಜಮೀನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರ ಏರಿಕೆ, 28 ವರ್ಷದ ಕರಾರು. ಮಳೆ ನಂಬಿ ಸಾಲದಲ್ಲಿ ಮುಳುಗಿದ್ದ ಸಣ್ಣ ರೈತನಿಗೆ ಇದು ಉಸಿರು ಕೊಟ್ಟಿತು. ಇಲ್ಲ ಅನ್ನಲ್ಲ. ಆದರೆ ಬಾಡಿಗೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಬಗರ್‌ಹುಕುಂ ನೆಲ ಉತ್ತು, ನಮೂನೆ 50, ನಮೂನೆ 53, ನಮೂನೆ 57 ತುಂಬ್ತಾ ತುಂಬ್ತಾ ಮುದುಕರಾದವರಿಗೆ? ನೆಲವೇ ಇಲ್ಲದ ಕೂಲಿಗಳಿಗೆ?

ನಮ್ಮ ವರ್ಷ ಹೆಂಗಿತ್ತು ಕೇಳಿ. ಆರಿದ್ರ ಹಿಡಿದರೆ ಕಳ್ಳೇಕಾಯಿ ಬಿತ್ತನೆ. ಪುಷ್ಯಕ್ಕೆ ಕಳೆ. ಚಿತ್ತೆ, ಸ್ವಾತಿಗೆ ಗಿಡ ಕೀಳೋದು, ಆಮೇಲೆ ಕಾಯಿ ಬಿಡಿಸೋದು. ಒಂದೊಂದು ಮಳೆಗೂ ಒಂದೊಂದು ಕೂಲಿ. ಕೊಯ್ದ ಹೊಲದಲ್ಲಿ ಆಡು ಕುರಿ ಮೇಯೋವು. ಈಗಲೂ ಆರಿದ್ರ ಬರುತ್ತೆ. ಗಾಜಿನ ಮೇಲೆ ಬಿದ್ದು ಹರಿದು ಹೋಗುತ್ತೆ. ಬೇಲಿ ಹೊರಗೆ ನಿಂತವರನ್ನು ಯಾವ ಮಳೆಯೂ ಕೂಲಿಗೆ ಕರೆಯಲ್ಲ. ಕಾವಲು, ಹುಲ್ಲು ಕೊಯ್ಯೋದು, ಹಲಗೆ ತೊಳೆಯೋದು ಕಂಟ್ರಾಕ್ಟರು ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಕರೆಗೆ ಎಷ್ಟು ಬಾಡಿಗೆ ಅಂತ ಲೆಕ್ಕ ಹಾಕಿದವರು, ಆ ಎಕರೆಯೊಳಗೆ ಎಷ್ಟು ಆಳಿನ ಎಷ್ಟು ದಿನ ಇದ್ದವು ಅಂತ ಲೆಕ್ಕ ಹಾಕಲಿಲ್ಲ.

ಇಷ್ಟು ಹೇಳಿದರೆ ಪಟ್ಟಣದ ಪರಿಸರವಾದಿ ಗೆಳೆಯರಿಗೆ ಖುಷಿ. ‘ಪ್ರಕೃತಿಯ ಲಯ, ಆ ಹಳೇ ಕಾಲ’ ಅಂತ ಕಣ್ಣು ಮುಚ್ಚುತ್ತಾರೆ. ಬೇಡ ಸ್ವಾಮಿ. ಆ ಹಳೇ ಕಾಲ ನಮ್ಮ ಬೆನ್ನಿಗೆ ಗೊತ್ತು. ಯುಗಾದಿಗೆ ಪಂಚಾಂಗ ಓದಿದ್ದು ಗುಡಿ ಒಳಗೆ, ನಾವು ನಿಂತದ್ದು ಹೊರಗೆ. ನೆಲದ ಹದ ಮೊದಲು ತಿಳಿದದ್ದು ನಮ್ಮ ಪಾದಕ್ಕೆ, ಮೊದಲು ಬಿತ್ತಿದ್ದು ಗೌಡನ ಹೊಲ. ಕೆರೆ ತೂಬು ಎತ್ತಿ ಇಳಿಸಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅಳೆದ ನೀರಗಂಟಿ ಬಹಳ ಊರುಗಳಲ್ಲಿ ನಮ್ಮ ಕೇರಿಯವನೇ. ಹೊತ್ತು ಅವನ ಕೈಲಿತ್ತು, ಗದ್ದೆ ಇರಲಿಲ್ಲ. ನಮಗೆ ಹಳೇ ಲಯ ವಾಪಸ್ಸು ಬೇಡ. ನಮ್ಮ ಹೊತ್ತಿಗೆ ಬೆಲೆ ಬೇಕು.

ಸರ್ಕಾರದ್ದು ಫೈಲಿನ ಹೊತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಕ್ಕೆ ಬರ ಹೊಸ ನೆಂಟನಲ್ಲ. 2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿ ಸೇರಿದವು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಕೇಂದ್ರದ ಹಣ ಬಂದದ್ದು 2024ರ ಏಪ್ರಿಲ್ ಕೊನೆಗೆ. ಒಂದು ಮುಂಗಾರಿನ ಹಸಿವಿಗೆ ಮುಂದಿನ ಭರಣಿ ಮಳೆ ಹೊತ್ತಿಗೆ ಕೂಳು! ಬೆಳೆ ಪರಿಹಾರವೂ ಪಹಣಿ ಹಿಡಿದೇ ಮನೆ ಹುಡುಕಿತು.

ಈ ಕಿವುಡು ಹೊಸದೂ ಅಲ್ಲ. 1983ರ ಆಗಸ್ಟಿನಲ್ಲಿ ಇದೇ ತುಮಕೂರು ಜಿಲ್ಲೆಯ ಸಣ್ಣ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಊರಿದರು. ನೀಲಗಿರಿ ಅಂದರೆ ಕೆಲವೇ ವರ್ಷಕ್ಕೆ ಕಡಿದು ಕಾರ್ಖಾನೆಗೆ ಸಾಗಿಸೋ ಕಾಲ. ಅದರಲ್ಲಿ ಕಳೆ ಕೂಲಿ ಇಲ್ಲ, ಆಡಿಗೆ ಸೊಪ್ಪಿಲ್ಲ. ಹುಣಸೆ ಅಂದರೆ ಮೊಮ್ಮಕ್ಕಳ ಕಾಲ, ಬೇಸಿಗೆಯಲ್ಲಿ ಹಣ್ಣು ಬಿಡಿಸೋ ಹೆಂಗಸರ ಕೂಲಿ. ಹೊಸದಾಗಿ ನೀಲಗಿರಿ ನೆಡಬಾರದು ಅಂತ ಸರ್ಕಾರ ಆದೇಶ ಹೊರಡಿಸಿದ್ದು 2017ರಲ್ಲಿ. ರೈತರ ಕೈ ಹೇಳಿದ್ದು ವಿಧಾನಸೌಧದ ಕಿವಿ ಮುಟ್ಟೋಕೆ 34 ವರ್ಷ!

2025ರ ಡಿಸೆಂಬರಿನಲ್ಲಿ ಸಂಸತ್ತು ನರೇಗಾ ಜಾಗಕ್ಕೆ ಬೇರೆ ಕಾಯ್ದೆ ತಂದಿತು. 125 ದಿನ ಕೆಲಸ ಅಂದರು. ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಬೇಕು ಅಂತಲೂ ಬರೆದರು, ಹೊಲಕ್ಕೆ ಆಳು ಸಿಗಲಿ ಅಂತ. ಹೊಲದೊಡೆಯನ ಸುಗ್ಗಿಗೆ ಕಾನೂನೇ ಪಂಚಾಂಗ ಬರೆದುಕೊಟ್ಟಂತಾಯ್ತು. ಗಾಜು ಹಾಸಿದ ತಿರುಮಣಿಯಲ್ಲಿ ಯಾವ ಬಿತ್ತನೆ, ಯಾವ ಕೊಯ್ಲು?

ಸೋಲಾರ್ ಪಾರ್ಕನ್ನು ಇನ್ನೂ ಹಿಗ್ಗಿಸುವ ಮಾತು ಬಂದಿದೆ. ಅದಕ್ಕೆ ಮೊದಲು ನಮ್ಮ ಮಾತು ಕೇಳಿ. ಮುಂದಿನ ಎಕರೆಗೆ ಬೇಲಿ ಹಾಕುವ ಮುಂಚೆ ಭೂಹೀನರ ಮನೆಮನೆ ಲೆಕ್ಕ ಆಗಲಿ. ಕಳೆದುಹೋಗುವ ಕೂಲಿ ದಿನಗಳಿಗೆ ವರ್ಷವರ್ಷ ಬಾಡಿಗೆ ಬರಲಿ, ಅದೂ ಹೆಂಗಸರ ಹೆಸರಿಗೆ. ಬಗರ್‌ಹುಕುಂ ಅರ್ಜಿ ತೀರ್ಮಾನವಾಗದ ನೆಲ ಮುಟ್ಟಬೇಡಿ. ಬೇಲಿಯೊಳಗಿನ ಊರುಗಳಲ್ಲಿ ಕೆಲಸ ಒಂದು ದಿನವೂ ನಿಲ್ಲಬಾರದು.

ಬಿಸಿಲಿಗೆ ಎಕರೆ ಲೆಕ್ಕದಲ್ಲಿ ಬೆಲೆ ಕಟ್ಟಿದ್ದೀರಿ. ಆ ಬಿಸಿಲಲ್ಲಿ ಬೆಂದವರ ದಿನಕ್ಕೂ ಕಟ್ಟಿ. ಭಿಕ್ಷೆ ಕೇಳ್ತಿಲ್ಲ, ಬಾಕಿ ಕೇಳ್ತಿದ್ದೀವಿ.