ಬಿಸಿ ಮಾಡಿದರೆ ಸಾಲದು, ಹಿಡಿದಿಡಬೇಕು

‘ಫಿಸಿಕ್ಸ್ ಎಂ.ಎಸ್‌ಸಿ.ಯಾ? ಹಾಗಾದ್ರೆ ಮುಂದೆ ಬಿ.ಇಡಿ. ಮಾಡ್ತೀಯಾ?’ ಮದುವೆ ಮನೆಗೆ ಹೋದರೆ ಈ ಪ್ರಶ್ನೆ ತಪ್ಪಿದ್ದಲ್ಲ. ಮೇಷ್ಟ್ರಾಗುವುದು ಕೀಳೇನಲ್ಲ. ಆದರೆ ಈ ವಿಷಯ ಓದಿದವರಿಗೆ ಬೇರೆ ಕೆಲಸವೇ ಇಲ್ಲ ಎನ್ನುವ ನಂಬಿಕೆಗೆ ನನ್ನ ತಕರಾರಿದೆ.

ಬೈಜಿಕ ಸಮ್ಮಿಲನದ ಸುದ್ದಿಯನ್ನೇ ನೋಡಿ. ತಲೆಬರಹವೆಲ್ಲ ಉಷ್ಣತೆಯದ್ದು: ಸೂರ್ಯನ ಒಡಲಿಗಿಂತ ಹತ್ತು ಪಟ್ಟು, 15 ಕೋಟಿ ಡಿಗ್ರಿ. ಅಷ್ಟು ಬಿಸಿ ಮಾಡುವುದನ್ನು ವಿಜ್ಞಾನಿಗಳು ಕಲಿತು ದಶಕಗಳಾದವು. ಆ ಬಿಸಿ ಒಳಗೇ ಉಳಿಯುತ್ತದೆಯೇ ಎಂಬುದೇ ಈಗಿನ ತಲೆನೋವು.

ಡ್ಯೂಟೀರಿಯಂ, ಟ್ರಿಟಿಯಂ ಕೂಡಿದಾಗ ಹುಟ್ಟುವ ಆಲ್ಫಾ ಕಣದ ವೇಗ ಸೆಕೆಂಡಿಗೆ ಸುಮಾರು 13,000 ಕಿ.ಮೀ. ಅದು ಪ್ಲಾಸ್ಮಾದೊಳಗೇ ಸುತ್ತಿ, ತನ್ನ ಶಕ್ತಿಯನ್ನು ಅಲ್ಲೇ ಬಿಟ್ಟುಕೊಟ್ಟರೆ ಉರಿ ನಿಲ್ಲುತ್ತದೆ. ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಐಟರ್‌ನ ಗುರಿ 500 ಮೆಗಾವ್ಯಾಟ್. ಅದರಲ್ಲಿ ಆಲ್ಫಾ ಕಣಗಳ ಪಾಲು 100. ಹೊರಗಿನಿಂದ ಕೊಡುವ ಕಾವಿನ ಎರಡು ಪಟ್ಟು ಅದು.

ತೊಂದರೆ ಕೊಡುವುದು ಅಲೆಗಳು. ಕಾಂತಕ್ಷೇತ್ರದ ರೇಖೆಗಳು ವೀಣೆಯ ತಂತಿಯಂತೆ ಮಿಡಿಯುತ್ತವೆ ಎಂದು ಸ್ವೀಡನ್ನಿನ ಹಾನೆಸ್ ಆಲ್ವೇನ್ 1942ರಲ್ಲೇ ಹೇಳಿದ್ದರು. ವೇಗದ ಅಯಾನುಗಳ ಓಟಕ್ಕೂ ಈ ಅಲೆಗೂ ತಾಳ ಕೂಡಿದರೆ, ಪಂಚಮಿ ಜೋಕಾಲಿಯನ್ನು ಹೊತ್ತು ನೋಡಿ ನೂಕಿದಂತೆ ಅಲೆ ಬೆಳೆಯುತ್ತದೆ. ಬೆಳೆದ ಅಲೆ ಅಯಾನನ್ನೇ ಹೊರಗೆ ತಳ್ಳುತ್ತದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿದ್ದ ಟಿಎಫ್‌ಟಿಆರ್ ಯಂತ್ರದಲ್ಲಿ ಹೀಗೆ ಹೊರಬಿದ್ದ ಅಯಾನುಗಳಿಂದ ಪಾತ್ರೆಯ ಗೋಡೆಗೇ ಹಾನಿಯಾದದ್ದುಂಟು.

ಒಂದೆರಡು ಸಣ್ಣ ಅಲೆಯಿದ್ದರೆ ಅಷ್ಟೇನೂ ಆಗದು. ಹಳ್ಳದಲ್ಲಿ ಕಲ್ಲುಗಳು ದೂರ ದೂರ ಇದ್ದರೆ ದಾಟಲಾದೀತೆ? ಹತ್ತಿರ ಬಂದರೆ ಕಲ್ಲಿಂದ ಕಲ್ಲಿಗೆ ಜಿಗಿದು ಆಚೆ ದಡ ಸೇರಬಹುದು. ಹಲವು ಅಲೆಗಳ ಪ್ರಭಾವವಲಯಗಳು ಒಂದರ ಮೇಲೊಂದು ಬಿದ್ದಾಗ ಅಯಾನು ಮಾಡುವುದೂ ಅದನ್ನೇ. ಸ್ಯಾನ್ ಡಿಯಾಗೊದ ಡಿ3-ಡಿ ಯಂತ್ರದಲ್ಲಿ ಇದು ಕಂಡಿದೆ: ಒಂದು ಮಿತಿ ದಾಟಿದ ಮೇಲೆ ಎಷ್ಟೇ ಹೊಸ ಅಯಾನು ತುಂಬಿದರೂ ಒಳಗಿನ ದಾಸ್ತಾನು ಹೆಚ್ಚುವುದಿಲ್ಲ. ತೂತು ಕೊಡಕ್ಕೆ ನೀರು ಹೊತ್ತಂತೆ.

ಇದನ್ನು ಮೊದಲೇ ಲೆಕ್ಕ ಹಾಕುವುದು ಸುಲಭವಲ್ಲ. ಅಯಾನಿನ ಒಂದು ಸುತ್ತಿಗೆ ಕೆಲವೇ ಹತ್ತು ನ್ಯಾನೊಸೆಕೆಂಡು. ಅದು ತಣಿಯುವುದು ಸೆಕೆಂಡಿನ ಲೆಕ್ಕದಲ್ಲಿ. ನಡುವಿನ ಪ್ರತಿ ಹೆಜ್ಜೆಯನ್ನೂ ಹಿಂಬಾಲಿಸಿದರೆ ಸೂಪರ್ ಕಂಪ್ಯೂಟರೂ ಏದುಸಿರು ಬಿಡುತ್ತದೆ. ಅದಕ್ಕೇ ಪ್ರಿನ್ಸ್‌ಟನ್‌ನವರು ‘ಕಿಕ್ ಮಾಡೆಲ್’ ಮಾಡಿಕೊಂಡರು. ಅಲೆ ಅಯಾನಿಗೆ ಎಂಥ ಒದೆ ಕೊಡುವ ಸಂಭವ ಎಷ್ಟು ಎಂದು ಮೊದಲೇ ಪಟ್ಟಿ ಹಾಕಿ, ಆಮೇಲೆ ಆ ಪಟ್ಟಿಯಿಂದಲೇ ದೀರ್ಘ ಲೆಕ್ಕ ನಡೆಸುವ ಉಪಾಯ. ನನಗಂತೂ ಸೂಪರ್ ಕಂಪ್ಯೂಟರಿಗಿಂತ ಈ ಜಾಣತನವೇ ದೊಡ್ಡದೆನಿಸುತ್ತದೆ.

ಇಂಥ ಕೆಲಸಕ್ಕೆ ಬೇಕಾದವರು ಭೌತಶಾಸ್ತ್ರ ಗೊತ್ತಿದ್ದು ಕೋಡ್ ಬರೆಯಬಲ್ಲವರು. ಐಟರ್‌ನಲ್ಲಿ ಭಾರತವೂ ಪಾಲುದಾರ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ‘ಆದಿತ್ಯ’ ಟೋಕಮಾಕ್ 1989ರಲ್ಲೇ ಶುರುವಾಗಿತ್ತು. ನಾನು ಓದಿದಲ್ಲಿ ಮಾತ್ರ ಕಂಪ್ಯೂಟೇಷನಲ್ ಫಿಸಿಕ್ಸ್ ಪ್ರಾಕ್ಟಿಕಲ್ ಎಂದರೆ ಸೀನಿಯರ್‌ಗಳ ರೆಕಾರ್ಡ್ ನೋಡಿ ಪ್ರೋಗ್ರಾಂ ನಕಲು ಮಾಡುವುದಾಗಿತ್ತು. ಅದನ್ನು ಓಡಿಸಿ ನೋಡಿ ಎಂದವರಿಲ್ಲ, ಓಡಿಸಿದವರೂ ಇಲ್ಲ. ತಪ್ಪು ಮೇಷ್ಟ್ರುಗಳದ್ದಷ್ಟೇ ಅಲ್ಲ, ಅಂಕ ಬಂತಲ್ಲ ಎಂದು ಸುಮ್ಮನಿದ್ದ ನಮ್ಮದೂ ಹೌದು.

ಕಳೆದ ರಜೆಯಲ್ಲಿ ಗೆಳೆಯನ ಲ್ಯಾಪ್‌ಟಾಪಿನಲ್ಲಿ, ರಷ್ಯಾದ ಚಿರಿಕೋವ್ ಹೆಸರಿನ ‘ಸ್ಟ್ಯಾಂಡರ್ಡ್ ಮ್ಯಾಪ್’ ಅನ್ನು ಪೈಥಾನ್‌ನಲ್ಲಿ ಬರೆದೆ. ಇಪ್ಪತ್ತೇ ಸಾಲು. ಒದೆಯ ಬಲ 0.9 ಇದ್ದಾಗ ಚುಕ್ಕೆಗಳು ತಮ್ಮ ತಮ್ಮ ಬೇಲಿಯೊಳಗೇ ಸುತ್ತುತ್ತಿದ್ದವು. 0.97 ದಾಟಿಸಿ ಬಹಳ ಹೊತ್ತು ಓಡಲು ಬಿಟ್ಟೆ. ಊಟ ಮುಗಿಸಿ ಬರುವಷ್ಟರಲ್ಲಿ ಒಂದು ಚುಕ್ಕೆ ಬೇಲಿ ದಾಟಿತ್ತು.