ಕಾರ್ಡಿಗಿಂತ ಮೊದಲು ಗುಳಿಗೆ

ರಾಯಚೂರು ಸೀಮೆಯ ಆರೋಗ್ಯ ಚಳವಳಿಯ ಮೊದಲ ಪ್ರಣಾಳಿಕೆ

ಕಾಲು ಕತ್ತರಿಸಿದ್ದು ಪುಕ್ಕಟೆ. ಆಪರೇಷನ್ನು, ಬೆಡ್ಡು, ಡ್ರೆಸಿಂಗು, ಯಾವುದಕ್ಕೂ ಒಂದು ಪೈಸೆ ಬಿಚ್ಚಬೇಕಾಗಲಿಲ್ಲ. ಸರ್ಕಾರಿ ಆರೋಗ್ಯ ಯೋಜನೆಯ ಕಾರ್ಡು ತೋರಿಸಿದರು, ಆ ಯೋಜನೆಯ ಆರೋಗ್ಯ ಮಿತ್ರ ಬೆರಳಚ್ಚು ತೆಗೆದುಕೊಂಡ, ಅಪ್ರೂವಲ್ ಬಂತು, ಮೊಣಕಾಲಿನ ಕೆಳಗಿನದು ಹೋಯಿತು. ಆ ಮನುಷ್ಯ ನಮ್ಮ ಮೊದಲ ಸಭೆಗೆ ಊರುಗೋಲು ಹಿಡಿದು ಬಂದಿದ್ದರು. ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದವರು. ಹನ್ನೊಂದು ವರ್ಷದಿಂದ ಶುಗರ್ ಇತ್ತು. ಊರಿನ ಪಿಎಚ್‌ಸಿಯಲ್ಲಿ ಒಮ್ಮೆ ಗುಳಿಗೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಇದ್ದಾಗಲೂ ಹತ್ತು ದಿನಕ್ಕಾಗುವಷ್ಟು ಕೊಟ್ಟು ಮತ್ತೆ ಬಾ ಎನ್ನುತ್ತಿದ್ದರು. ಮತ್ತೆ ಹೋದರೆ ಒಂದು ದಿನದ ಹಮಾಲಿ ಹೋಯಿತು. ಹೀಗೆ ಬಿಡುತ್ತಾ ಹಿಡಿಯುತ್ತಾ ಪಾದಕ್ಕೆ ಹುಣ್ಣಾಯಿತು, ಹುಣ್ಣು ಕೊಳೆಯಿತು.

"ಗುಳಿಗಿಗೆ ಕಾರ್ಡು ನಡಿಯಂಗಿಲ್ಲ ಅಂದ್ರು. ಕಾಲಿಗೆ ನಡೀತ್ರಿ," ಎಂದರು.

ಪ್ರಣಾಳಿಕೆ ಬರೆಯಲು ಕೂತ ನಮ್ಮ ಐದು ಜನಕ್ಕೆ ಅದನ್ನು ಅದಕ್ಕಿಂತ ಚಿಕ್ಕದಾಗಿ ಹೇಳಲು ಬರಲಿಲ್ಲ. ಮುಂದಿನದೆಲ್ಲ ಆ ಎರಡು ಮಾತಿನ ವಿವರಣೆ.

ನಾವು ಯಾರು ಎಂದು ಕೇಳುವವರಿದ್ದಾರೆ. ಆಶಾ ಕಾರ್ಯಕರ್ತೆಯರು, ಹಮಾಲರು, ಒಬ್ಬ ನಿವೃತ್ತ ಕಾಂಪೌಂಡರ್, ಕಡ್ಡಾಯ ಗ್ರಾಮೀಣ ಸೇವೆ ಮುಗಿಸಿ ಇಲ್ಲೇ ಉಳಿದ ಇಬ್ಬರು ಡಾಕ್ಟರು, ಕಾಲೇಜು ಮೇಷ್ಟ್ರು, ಗದ್ದೆ ನಾಟಿ ಮುಗಿಸಿ ಸಂಜೆ ಬರುವ ಹೆಂಗಸರು. ಯಾವ ಪಕ್ಷದ ಬಾವುಟವೂ ಇಲ್ಲ. ಎಲ್ಲ ಪಕ್ಷದವರೂ ಇದ್ದಾರೆ, ಅದೇ ಒಂದು ತಲೆನೋವು. ಚಳವಳಿಗೆ ಹೆಸರಿಡಲು ಎರಡು ತಾಸು ಜಗಳವಾಡಿ ಕೈಬಿಟ್ಟಿದ್ದೇವೆ. ಕೆಲಸ ಶುರುವಾಗಲಿ, ಜನರೇ ಏನಾದರೂ ಕರೆಯುತ್ತಾರೆ.

ಆರೋಗ್ಯ ವಿಮೆಯಲ್ಲಿ ಸರ್ಕಾರಕ್ಕೇನು ಕೆಲಸ ಎಂಬ ವಾದವನ್ನು ಮೊದಲು ಮುಗಿಸಿಬಿಡೋಣ. ದುಡಿದು ಉಳಿಸಿದವರು ತಮ್ಮ ಪಾಲಿಸಿ ತಾವು ಕೊಳ್ಳಲಿ, ತೆರಿಗೆದಾರರ ಹಣ ಯಾಕೆ ಎನ್ನುತ್ತಾರೆ. ಹೀಗನ್ನುವವರು ತಮ್ಮ ಪಾಲಿಸಿಯ ರಸೀದಿಯನ್ನು ಆದಾಯ ತೆರಿಗೆಯ 80ಡಿ ಕಲಮಿನಡಿ ತೋರಿಸಿ ವರ್ಷಕ್ಕೆ 25,000 ರೂಪಾಯಿವರೆಗೆ ವಿನಾಯಿತಿ ಪಡೆದುಕೊಂಡು ಬಂದವರೇ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ ಪೂರ್ತಿ ಹೋಯಿತು. ಆವತ್ತು ಸರ್ಕಾರ ವಿಮೆಯೊಳಗೆ ಮೂಗು ತೂರಿಸಿತು ಎಂದು ಯಾರೂ ಪತ್ರಿಕೆಗೆ ಬರೆಯಲಿಲ್ಲ. ಉಳ್ಳವರ ವಿಮೆಯೊಳಗೂ ಇಲ್ಲದವರ ವಿಮೆಯೊಳಗೂ ಸರ್ಕಾರ ಆಗಲೇ ಬಂದು ಕೂತಿದೆ. ಎಲ್ಲಿ ಕೂತಿದೆ ಎನ್ನುವುದೇ ನಮ್ಮ ತಕರಾರು. ಖಾಸಗಿ ಆಸ್ಪತ್ರೆಯ ಬಿಲ್ ಕೌಂಟರಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದೆ. ಅಲ್ಲಿಂದೆದ್ದು ಊರಿನ ಔಷಧ ಕಪಾಟಿನ ಮುಂದೆ ಬಂದು ಕೂರಲಿ.

ಯೋಜನೆಗಳನ್ನು ಬೈಯುವುದಕ್ಕಾಗಿ ನಾವು ಸೇರಿದವರಲ್ಲ. 2003ರಲ್ಲಿ ಯಶಸ್ವಿನಿ ಶುರುವಾದಾಗ ಸಹಕಾರ ಸಂಘದ ರೈತ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿ ಹೃದಯದ ಆಪರೇಷನ್ ಮಾಡಿಸಿಕೊಂಡ. ಅದು ಸಣ್ಣ ಸಂಗತಿಯಲ್ಲ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಬಂದದ್ದು ನಮ್ಮ ಕಲಬುರಗಿ ವಿಭಾಗಕ್ಕೇ. ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯಾಚೆ ಯೋಜನೆ ಇನ್ನೂ ತಲುಪದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು ಯೋಜನೆ ಇದ್ದ ಕಡೆ ಕಡಿಮೆಯಾಗಿತ್ತು. ಇನ್ನೊಂದು ಒಳ್ಳೆಯ ಕೆಲಸವನ್ನೂ ಕರ್ನಾಟಕ ಮಾಡಿತು. ನಡುವೆ ವಿಮಾ ಕಂಪನಿ ಇಡದೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಕಟ್ಟಿ, ಆಸ್ಪತ್ರೆಗೆ ನೇರವಾಗಿ ದುಡ್ಡು ಕೊಟ್ಟಿತು. ಕಂಪನಿಗೆ ಪ್ರೀಮಿಯಂ ಕಟ್ಟಿದರೆ ಪ್ರತಿ ಕ್ಲೇಮು ತಳ್ಳಿಹಾಕಿದಾಗಲೂ ಅದಕ್ಕೆ ಲಾಭ. ಟ್ರಸ್ಟಿಗೆ ಆ ಲೋಭವಿಲ್ಲ. ಈ ಟ್ರಸ್ಟನ್ನು ಒಡೆದು ಕಂಪನಿಗಳ ಕೈಗೆ ಕೊಡುವ ಮಾತು ಯಾವ ಸರ್ಕಾರ ಎತ್ತಿದರೂ ನಾವು ರಸ್ತೆಗಿಳಿಯುತ್ತೇವೆ.

2018ರ ಮಾರ್ಚ್ 2ರಂದು ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30 ಸರ್ಕಾರದ್ದು, ಮಿಕ್ಕ 70 ನಿಮ್ಮದು. ಎರಡರ ನಡುವಿನ ಗೆರೆ ಎಳೆಯುವುದು ಆಹಾರ ಇಲಾಖೆ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡು ರದ್ದಾಗಿ ಗಲಾಟೆಯಾಯಿತಲ್ಲ, ಆಗ ಎಲ್ಲರೂ ಅಕ್ಕಿಯ ಮಾತಾಡಿದರು. ಅಕ್ಕಿಯ ಜೊತೆಗೆ ಡಯಾಲಿಸಿಸ್ಸೂ ಹೋಗುತ್ತದೆ ಎಂಬುದು ವಾರಕ್ಕೆರಡು ಸಲ ಆ ಮಂಚದ ಮೇಲೆ ಮಲಗುವವರಿಗಷ್ಟೇ ಹೊಳೆಯಿತು. ಬಡತನಕ್ಕೆ ಸಾಕ್ಷಿ ಕೇಳಿ ಔಷಧ ಕೊಡುವ ಪದ್ಧತಿಯೇ ನಮಗೆ ಒಪ್ಪಿಗೆಯಿಲ್ಲ. 2024ರಲ್ಲಿ ಕೇಂದ್ರವೇ ಎಪ್ಪತ್ತು ದಾಟಿದವರಿಗೆಲ್ಲ ಆದಾಯ ನೋಡದೆ 5 ಲಕ್ಷದ ರಕ್ಷಣೆ ಘೋಷಿಸಿತು. ಎಪ್ಪತ್ತಕ್ಕೆ ಸರಿಯಾದದ್ದು ನಲವತ್ತಕ್ಕೆ ಯಾಕೆ ತಪ್ಪು?

ಇಷ್ಟೆಲ್ಲ ಇದ್ದೂ ಈ ವಿಮೆ ಎಚ್ಚರಗೊಳ್ಳುವುದು ನೀವು ಬೆಡ್ಡಿನ ಮೇಲೆ ಮಲಗಿದಾಗ. ಅಡ್ಮಿಟ್ ಆಗದವನು ಅದರ ಲೆಕ್ಕದಲ್ಲಿ ರೋಗಿಯೇ ಅಲ್ಲ. ಆದರೆ ನಮ್ಮ ಮನೆಗಳ ದುಡ್ಡು ಸೋರುವುದು ಅಡ್ಮಿಟ್ ಆಗದ ದಿನಗಳಲ್ಲಿ: ಬಿಪಿ ಗುಳಿಗೆ, ಶುಗರ್ ಗುಳಿಗೆ, ಮೂರ್ಛೆರೋಗದ ಗುಳಿಗೆ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಹೊರಗೆ ತನ್ನಿ ಎಂದು ಬರೆದುಕೊಟ್ಟ ಚೀಟಿ. ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಹಾಕಿದ ಪಾಲು 2013-14ರಲ್ಲಿ ಶೇಕಡಾ 64.2 ಇತ್ತು, 2021-22ರಲ್ಲಿ 39.4ಕ್ಕೆ ಇಳಿದಿದೆ. ಇಳಿದದ್ದನ್ನು ಒಪ್ಪುತ್ತೇವೆ. ಉಳಿದದ್ದು ಎಷ್ಟು ಭಾರ ಎಂದು ತಿಳಿಯಬೇಕಾದರೆ ಯಾವುದೇ ಊರಿನ ಮೆಡಿಕಲ್ ಶಾಪಿನ ಉದ್ರಿ ಪುಸ್ತಕ ತೆರೆದು ನೋಡಿ.

ಹೊರರೋಗಿಗೆ ವಿಮೆ ಕೊಡಲು ಬರುವುದಿಲ್ಲ, ಲೆಕ್ಕ ಹಿಡಿಯಲಾಗುವುದಿಲ್ಲ ಎಂದು ತಜ್ಞರು ಹೇಳುತ್ತಾರೆ. ಅವರಿಗೆ ಕಾರ್ಮಿಕರ ರಾಜ್ಯ ವಿಮೆಯನ್ನು, ಅಂದರೆ ಇಎಸ್ಐಯನ್ನು, ನೆನಪಿಸುತ್ತೇವೆ. 1948ರ ಕಾಯ್ದೆ; 1952ರ ಫೆಬ್ರವರಿಯಲ್ಲಿ ಕಾನಪುರ ಮತ್ತು ದೆಹಲಿಯಲ್ಲಿ ಜಾರಿಗೆ ಬಂತು. ಕಾರ್ಮಿಕನ ಸಂಬಳದಿಂದ ಇಷ್ಟು, ಮಾಲೀಕನಿಂದ ಇಷ್ಟು, ಸರ್ಕಾರದ ಹೊಣೆ ಇಷ್ಟು. ಜ್ವರ ಬಂದರೆ ಡಿಸ್ಪೆನ್ಸರಿ, ಗುಳಿಗೆ ಅಲ್ಲೇ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಶೇಕಡಾ 70, ವರ್ಷಕ್ಕೆ 91 ದಿನದವರೆಗೆ. ಇಎಸ್ಐ ಡಿಸ್ಪೆನ್ಸರಿಯ ಸಾಲಿನಲ್ಲಿ ನಿಂತವರು ಅದನ್ನು ಬೈಯುತ್ತಾರೆ, ಬೈಯಲಿ, ಕಾರಣವಿದೆ. ಆದರೆ ಆಗುವುದಿಲ್ಲ ಎನ್ನುವುದು ಎಪ್ಪತ್ತು ವರ್ಷದಿಂದ ಆಗುತ್ತಲೇ ಬಂದಿದೆ. ಕೊರತೆ ಇರುವುದು ಬಾಗಿಲಿನ ಅಗಲದಲ್ಲಿ. 2017ರ ಜನವರಿಯಲ್ಲಿ ಸಂಬಳದ ಮಿತಿ 21,000ಕ್ಕೆ ಏರಿ ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತಿತು. ಹಮಾಲ, ಕೂಲಿ, ಮನೆಗೆಲಸದವಳು ಆ ಬಾಗಿಲ ಹತ್ತಿರವೂ ಸುಳಿಯಲಿಲ್ಲ.

ಪುಕ್ಕಟೆ ಕೊಟ್ಟರೆ ಜನ ಬೇಕಾಬಿಟ್ಟಿ ಬಳಸುತ್ತಾರೆ ಎಂಬ ಮಾತೂ ಇದೆ. ಪುಕ್ಕಟೆ ಸಿಗುತ್ತದೆಂದು ಯಾರೂ ಪಿತ್ತಕೋಶ ತೆಗೆಸಿಕೊಂಡದ್ದನ್ನು ನಾವು ಕಂಡಿಲ್ಲ. ಬೇಡದ ಆಪರೇಷನ್ನಿನ ಆಸೆ ಟೇಬಲ್ಲಿನ ಮೇಲೆ ಮಲಗಿದವರಿಗೆ ಹುಟ್ಟುವುದಲ್ಲ. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ, ದಲಿತ ಕೇರಿಗಳ ಹೆಂಗಸರು ಬೀದಿಗೆ ಬಂದಾಗ ತಿಳಿದದ್ದು ಅದು: ಬೆನ್ನುನೋವು, ಬಿಳಿಸೆರಗು ಎಂದು ಹೋದವರಿಗೆ ಕ್ಯಾನ್ಸರ್ ಆಗುತ್ತದೆಂದು ಹೆದರಿಸಿ ಗರ್ಭಕೋಶ ತೆಗೆದಿದ್ದರು, ಎಷ್ಟೋ ಜನಕ್ಕೆ ಇನ್ನೂ ಮೂವತ್ತೈದೂ ಆಗಿರಲಿಲ್ಲ. ಇಲ್ಲಿ ಹೆಂಗಸರು ಸಾಲಸೋಲ ಮಾಡಿ ದುಡ್ಡು ಕಟ್ಟಿದ್ದರು. ಬಿಹಾರ, ಛತ್ತೀಸಗಡಗಳಲ್ಲಿ ಸರ್ಕಾರಿ ವಿಮೆಯ ಸ್ಮಾರ್ಟ್ ಕಾರ್ಡು ಉಜ್ಜಿ ಅದೇ ಕೆಲಸ ನಡೆಯಿತು. ಆ ರಾಜ್ಯಗಳ ಪ್ರಕರಣ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಆದೇಶದವರೆಗೂ ಹೋಯಿತು. ನೋಟಾಗಲಿ ಕಾರ್ಡಾಗಲಿ, ಕತ್ತರಿ ಹಿಡಿದವನನ್ನು ಕೇಳುವವರಿಲ್ಲದಿದ್ದರೆ ಫಲ ಒಂದೇ.

ಕೇಳಹೋದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2017ರ ನವೆಂಬರಿನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರುವಾಗ ರಾಜ್ಯದ ಖಾಸಗಿ ಆಸ್ಪತ್ರೆಗಳು ಬಾಗಿಲು ಹಾಕಿದವು. ಮಸೂದೆ ಸಾಕಷ್ಟು ಮೆತ್ತಗಾಗಿ ಪಾಸಾಯಿತು. ಖಾಸಗಿ ಡಾಕ್ಟರರೆಲ್ಲ ಕಳ್ಳರು ಎಂದು ನಾವು ಹೇಳುವುದಿಲ್ಲ. ಪ್ಯಾಕೇಜ್ ದರ ಹಳೆಯದು, ಬಾಕಿ ತಿಂಗಳುಗಟ್ಟಲೆ ಬರುವುದಿಲ್ಲ ಎಂಬ ಅವರ ದೂರಿನಲ್ಲಿ ನಿಜವಿದೆ. ಆ ಬಾಕಿಯ ಸಿಟ್ಟು ಕೊನೆಗೆ ಇಳಿಯುವುದು 'ಮೇಲಿನ ಖರ್ಚು' ಎಂಬ ಹೆಸರಿನಲ್ಲಿ ರೋಗಿಯ ತಲೆಯ ಮೇಲೆ.

ಹಾಗಾದರೆ ಸರ್ಕಾರಿ ಆಸ್ಪತ್ರೆಯೇ ಸ್ವರ್ಗವೇ? 2024ರ ನವೆಂಬರಿನಲ್ಲಿ ಪಕ್ಕದ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸರ್ಕಾರವೇ ಖರೀದಿಸಿ ಕಳಿಸಿದ್ದ ಐವಿ ದ್ರಾವಣದ ಮೇಲೆ ಅನುಮಾನ ಬಂತು, ಅದರ ಬಳಕೆ ನಿಲ್ಲಿಸಿದರು. ನಮ್ಮ ಬಳಗದ ಹೆರಿಗೆ ವಾರ್ಡಿನ ಆಯಾ ಒಬ್ಬರು ಆ ಸುದ್ದಿ ಬಂದ ವಾರ ಡ್ರಿಪ್ ಸ್ಟ್ಯಾಂಡ್ ಮುಟ್ಟಲು ಕೈ ನಡುಗುತ್ತಿತ್ತು ಎಂದರು. ಸರ್ಕಾರಿ ಔಷಧವೇ ಬೇಕು ಎಂದು ಕೇಳುವ ನಮಗೆ ಆ ಔಷಧವನ್ನು ಪರೀಕ್ಷಿಸಿ ಕೊಡಿ ಎಂದು ಎಲ್ಲರಿಗಿಂತ ಜೋರಾಗಿ ಕೇಳುವ ಹೊಣೆಯೂ ಇದೆ. ತಮಿಳುನಾಡು 1990ರ ದಶಕದಲ್ಲೇ ಔಷಧ ಖರೀದಿಗೆ ಪ್ರತ್ಯೇಕ ನಿಗಮ ಕಟ್ಟಿ, ಪ್ರತಿ ಬ್ಯಾಚು ಪರೀಕ್ಷಿಸಿ, ಗೋದಾಮಿನಿಂದ ಆಸ್ಪತ್ರೆಗೆ ಪಾಸ್‌ಬುಕ್ ಪದ್ಧತಿಯಲ್ಲಿ ಕಳಿಸುವುದನ್ನು ರೂಢಿ ಮಾಡಿತು. ಚೆನ್ನೈಗೆ ಹೋಗಿ ಕಲಿಯಲು ನಾಚಿಕೆ ಯಾಕೆ?

ನಮ್ಮ ಊರಿನದೇ ಪಾಠ ಒಂದಿದೆ. ಜನ ಒಪೆಕ್ ಎಂದು ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಸರ್ಕಾರ ಕಟ್ಟಿ, ನಡೆಸಲು ಖಾಸಗಿಯವರಿಗೆ ಕೊಟ್ಟಿತು. ಸುಮಾರು ಹತ್ತು ವರ್ಷದ ನಂತರ, 2012ರಲ್ಲಿ, ಅದು ಮತ್ತೆ ಸರ್ಕಾರದ ಕೈಗೆ ಬಂತು. ಆಮೇಲೆ ತಜ್ಞರನ್ನು ಕೊಡಿ, ಯಂತ್ರ ಕೊಡಿ ಎಂಬ ಅರ್ಜಿಗಳ ಕಾಲ. 2022ರ ಮೇ ತಿಂಗಳಿಂದ ಏಮ್ಸ್‌ಗಾಗಿ ರಾಯಚೂರಿನಲ್ಲಿ ಧರಣಿ ನಡೆಯಿತು, ಸಾವಿರ ದಿನ ದಾಟಿತು. ಆ ಬೇಡಿಕೆ ನಮ್ಮದೂ ಹೌದು. ಆದರೆ ಏಮ್ಸ್ ನಾಳೆಯೇ ಬಂದರೂ ದೇವದುರ್ಗದ ಹಳ್ಳಿಯ ಪಿಎಚ್‌ಸಿಯ ಕಪಾಟಿಗೆ ಗುಳಿಗೆ ತಾನಾಗಿ ಬರುವುದಿಲ್ಲ ಎಂದು ಧರಣಿ ಡೇರೆಯಲ್ಲೇ ಹೇಳಿದೆವು, ಕೆಲವರಿಗೆ ಬೇಸರವಾಯಿತು.

ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ. ಶುಗರ್, ಬಿಪಿ, ಮೂರ್ಛೆರೋಗ, ಆಸ್ತಮಾ, ಮಾನಸಿಕ ಕಾಯಿಲೆಯ ಔಷಧಗಳು ಪ್ರತಿ ಪಿಎಚ್‌ಸಿಯಲ್ಲಿ ಒಂದೇ ಸಲಕ್ಕೆ ತಿಂಗಳಿಗಾಗುವಷ್ಟು ಸಿಗಬೇಕು, ಯಾವ ಬಣ್ಣದ ಕಾರ್ಡೂ ಕೇಳದೆ. ಇಲ್ಲವೆಂದಾದರೆ 'ಇಲ್ಲ' ಎಂದು ಸಹಿ ಹಾಕಿ ಬರೆದುಕೊಡಬೇಕು. ಆ ಚೀಟಿ ತೋರಿಸಿದರೆ ಹೊರಗಿನ ಅಂಗಡಿಯ ಬಿಲ್ಲನ್ನು ಟ್ರಸ್ಟ್ ಕೊಡಬೇಕು. ಈ ಒಂದು ಬೇಡಿಕೆ ಈಡೇರಿದರೆ ಉಳಿದವಕ್ಕೆ ನಾವು ಕಾಯಲು ತಯಾರಿದ್ದೇವೆ. ತಾಲೂಕು ಆಸ್ಪತ್ರೆಯಲ್ಲಿ ಫಿಸಿಷಿಯನ್, ಅರಿವಳಿಕೆ ತಜ್ಞ, ಹೆರಿಗೆ ಡಾಕ್ಟರು ಮೂವರೂ ಬರುವ ತನಕ ಆ ತಾಲೂಕಿನಿಂದ ಖಾಸಗಿಗೆ ರೆಫರ್ ಆದ ಪ್ರತಿ ಕೇಸಿನ ಹಣದಷ್ಟನ್ನೇ ತಾಲೂಕು ಆಸ್ಪತ್ರೆಗೂ ಕೊಡಬೇಕು ಎಂಬುದು ಇನ್ನೊಂದು. ಯಾವ ಆಸ್ಪತ್ರೆ ಯೋಜನೆಯಡಿ ತಿಂಗಳಲ್ಲಿ ಎಷ್ಟು ಗರ್ಭಕೋಶ ತೆಗೆಯಿತು, ಎಷ್ಟು ಸ್ಟೆಂಟ್ ಹಾಕಿತು ಎಂಬ ಪಟ್ಟಿ ಪಂಚಾಯಿತಿ ಗೋಡೆಯ ಮೇಲೆ ಬರಲಿ. 2023ರಲ್ಲಿ ಮಹಾಲೇಖಪಾಲರ ವರದಿ ಆಯುಷ್ಮಾನ್ ದಾಖಲೆಯಲ್ಲಿ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳಿಗೆ ಒಂದೇ ಮೊಬೈಲ್ ನಂಬರು, ಅದೂ ಹತ್ತು ಒಂಬತ್ತುಗಳು, ಇದ್ದುದನ್ನು ಎತ್ತಿ ತೋರಿಸಿತು. ದೆಹಲಿಯ ಕಂಪ್ಯೂಟರಿಗೆ ಕಾಣದ್ದು ಊರಿನ ಗೋಡೆಯ ಮೇಲೆ ಬರೆದರೆ ಅರ್ಧ ತಾಸಿನಲ್ಲಿ ಕಾಣುತ್ತದೆ.

ದುಡ್ಡು ಎಲ್ಲಿಂದ? 2017ರ ರಾಷ್ಟ್ರೀಯ ಆರೋಗ್ಯ ನೀತಿ ಸರ್ಕಾರಿ ಆರೋಗ್ಯ ವೆಚ್ಚವನ್ನು 2025ರೊಳಗೆ ಜಿಡಿಪಿಯ ಶೇಕಡಾ 2.5ಕ್ಕೆ ಏರಿಸುತ್ತೇವೆಂದು ಬರೆದುಕೊಟ್ಟಿತ್ತು. ಗಡುವು ಬಂತು, ದುಡ್ಡು ಬರಲಿಲ್ಲ. ಹೊಸ ತೆರಿಗೆಯ ಮಾತು ಆಮೇಲೆ. ಮೊದಲು ಹಳೆಯ ಮಾತು ಉಳಿಸಿಕೊಳ್ಳಲಿ.

ನಾವು ಮಾಡುವ ಕೆಲಸ ಸಣ್ಣದು. ಪ್ರತಿ ತಿಂಗಳ ಮೊದಲ ಸೋಮವಾರ ಒಂದು ನೂರುಪುಟದ ನೋಟ್‌ಬುಕ್ ಹಿಡಿದು ನಮ್ಮ ನಮ್ಮ ಪಿಎಚ್‌ಸಿಗೆ ಹೋಗುತ್ತೇವೆ. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್, ಅಟೋರ್ವಾಸ್ಟಾಟಿನ್, ಫಿನೈಟಾಯಿನ್, ಗರ್ಭಿಣಿಯರ ಕಬ್ಬಿಣದ ಗುಳಿಗೆ, ಹಾವು ಕಡಿತದ ಸೂಜಿಮದ್ದು. ಈ ಆರು ಹೆಸರು, ಎದುರಿಗೆ ಇದೆ ಅಥವಾ ಇಲ್ಲ. ಔಷಧ ಕೊಡುವವರ ಜೊತೆ ಜಗಳ ಬೇಡ; ಸ್ಟಾಕು ಬರದಿದ್ದರೆ ಅವರೇನು ಮನೆಯಿಂದ ತರುತ್ತಾರೆಯೇ? ಬರೆದದ್ದರ ಒಂದು ಪ್ರತಿ ತಾಲೂಕು ಆರೋಗ್ಯಾಧಿಕಾರಿಗೆ, ಒಂದು ಶಾಸಕರಿಗೆ, ಒಂದು ಪಂಚಾಯಿತಿ ಗೋಡೆಗೆ. ಮೂರು ತಿಂಗಳು 'ಇಲ್ಲ' ಬಂದ ಕಡೆ ನಾಲ್ಕನೆಯ ತಿಂಗಳು ಊರೇ ಹೋಗಿ ಕೂರುವುದು.

ಮುಂದಿನ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹತ್ತಿ ಮಾರುಕಟ್ಟೆಯ ಹಮಾಲರ ಕಟ್ಟೆಯ ಹತ್ತಿರ ಸೇರುತ್ತೇವೆ. ನೋಟ್‌ಬುಕ್ ನಾವು ಕೊಡುತ್ತೇವೆ. ಪೆನ್ನು ನೀವು ತನ್ನಿ, ಕಳೆದ ಸಲ ಎಲ್ಲರ ನಡುವೆ ಇದ್ದದ್ದು ಒಂದೇ.